ಎಡಗಾಲಿಗೆ ಕೆಂಪು, ಬಲಗಾಲಿಗೆ ನೀಲಿ

ಅವರ ಪಾದಗಳು ಮೊರದಷ್ಟು ಅಗಲ. ಉತ್ಪ್ರೇಕ್ಷೆ ಅನ್ನಿಸಬಹುದು, ಆದರೆ ಐದಡಿ ಮೂರಿಂಚಿನ ಆ ಸಣ್ಣ ಆಳಿನ ಕೆಳಗೆ ಅವು ಬೇರೆ ಯಾರದ್ದೋ ಪಾದಗಳನ್ನು ತಂದು ಜೋಡಿಸಿದ ಹಾಗೆ ಕಾಣುತ್ತಿದ್ದವು. ಬೆರಳುಗಳು ಒಂದಕ್ಕೊಂದು ತಾಗದೆ ಬಿಡಿಬಿಡಿಯಾಗಿ ಹರಡಿಕೊಂಡಿದ್ದವು, ಹಿಮ್ಮಡಿಗಳು ಒಡೆದಿದ್ದವು. ಮಿಶಿಗನ್‌ನ ಜನವರಿಯಲ್ಲಿ, ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್ ಇರುವಾಗ, ಅವರು ಗರಾಜಿನ ಕಾಂಕ್ರೀಟ್ ನೆಲದ ಮೇಲೆ ಬರಿಗಾಲಲ್ಲಿ ನಿಂತು ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಸ್ಕೀ ಹಲಗೆಗಳ ಉಕ್ಕಿನ ಅಂಚನ್ನು ಅರದಿಂದ ಮಸೆಯುತ್ತಿದ್ದರು. ನಾನು ಎರಡು ಜೊತೆ ಸಾಕ್ಸ್ ಹಾಕಿಕೊಂಡು, ಮೇಲೆ ಹೆಂಡತಿಯ ಶಾಲು ಹೊದ್ದು, ಹಲ್ಲು ಕಟಕಟಿಸುತ್ತ ಪಕ್ಕದಲ್ಲಿ ನಿಂತಿರುತ್ತಿದ್ದೆ.

"ಸಾಕ್ಸ್ ಹಾಕ್ಕೊಳ್ಳಿ ಅಂಕಲ್, ನೋಡಕ್ಕೇ ಆಗ್ತಿಲ್ಲ" ಎಂದರೆ, "ಕಾಲ್ಚೀಲಾ ಹಾಕ್ಕೊಂಡ್ರ ಕಿವ್ಯಾಗ ಹತ್ತಿ ಇಟ್ಕೊಂಡಂಗ ಆಗತದಪಾ" ಎನ್ನುತ್ತಿದ್ದರು.

ಅಂಕಲ್ ಧಾರವಾಡದವರು. ನಾನು ಹುಟ್ಟಿದ ಸುಮಾರಿಗೆ ಡೆಟ್ರಾಯಿಟ್‌ಗೆ ಬಂದವರು. ಅದರ ಹೊರವಲಯದ ನೋವೈ ಊರಿನ ನಮ್ಮ ಬಡಾವಣೆಯಲ್ಲಿ ಅವರ ಮನೆಯಿಂದ ಮೂರನೆಯ ಮನೆ ನಮ್ಮದು. ಅವರು ಒಂದು ಕಾರು ಕಂಪನಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ್ದರು. ಏನು ಕೆಲಸ ಎಂದು ಕೇಳಿದವರಿಗೆಲ್ಲ "ಗಾಡಿ ಹೊಡೀತೀನಿ" ಎನ್ನುತ್ತಿದ್ದರಿಂದ ಕನ್ನಡ ಕೂಟದ ಅರ್ಧ ಜನ ಅವರನ್ನು ಟ್ಯಾಕ್ಸಿ ಡ್ರೈವರ್ ಎಂದೇ ತಿಳಿದಿದ್ದರು. ನಿಜದಲ್ಲಿ ಅವರದು ಆ ಊರಲ್ಲಿ ಕೆಲವೇ ಮಂದಿಗೆ ಬರುತ್ತಿದ್ದ ವಿದ್ಯೆ. ಹೊಸ ಕಾರು ಮಾರುಕಟ್ಟೆಗೆ ಬರುವ ಮೊದಲು ಅದನ್ನು ಪರೀಕ್ಷೆಯ ರಸ್ತೆಯಲ್ಲಿ ಓಡಿಸಿ, ಅದು ತಿರುವಿನಲ್ಲಿ ಹೇಗೆ ವಾಲುತ್ತದೆ, ಹಳ್ಳ ಹತ್ತಿಳಿದಾಗ ಹೇಗೆ ಕೂರುತ್ತದೆ, ಸ್ಟಿಯರಿಂಗ್ ಕೈಗೆ ಏನು ಹೇಳುತ್ತದೆ ಎಂದು ಮೈಯಿಂದಲೇ ಕಂಡುಕೊಂಡು ಹೇಳುವುದು ಅವರ ಕೆಲಸ. ಎಂಜಿನಿಯರುಗಳು ಅವರ ಮಾತು ಕೇಳಿ ಸ್ಪ್ರಿಂಗು, ರಬ್ಬರು ಬದಲಾಯಿಸುತ್ತಿದ್ದರು.

ನಾನೂ ಎಂಜಿನಿಯರೇ, ಬಿಡಿಭಾಗ ಮಾಡುವ ಇನ್ನೊಂದು ಕಂಪನಿಯಲ್ಲಿದ್ದೆ. ಮೈಯಿಂದ ತಿಳಿಯುವುದು ಗಿಳಿಯುವುದು ಎಂದರೆ ನಗುತ್ತಿದ್ದೆ. ಒಂದು ದೀಪಾವಳಿಯ ಊಟಕ್ಕೆ ಅವರನ್ನೂ ಆಂಟಿಯನ್ನೂ ನನ್ನ ಕಾರಿನಲ್ಲಿ ಟ್ರಾಯ್ ಊರಿಗೆ ಕರೆದೊಯ್ಯುತ್ತಿದ್ದೆ. ಹೆದ್ದಾರಿ ಹತ್ತಿ ಇನ್ನೂ ಒಂದು ಎಕ್ಸಿಟ್ ದಾಟಿರಲಿಲ್ಲ, ಅಂಕಲ್ ಶೂ ಕಳಚಿ ಪಾದಗಳನ್ನು ಕಾರಿನ ನೆಲಕ್ಕೆ ಒತ್ತಿ ಕೂತರು.

"ಮುಂದಿನ ಬಲಗಡೆ ಟೈರಿನ್ಯಾಗ ಗಾಳಿ ಕಡಿಮಿ ಅದ. ಎರಡು ಪೌಂಡ್ ಇರಬೇಕು."

"ನಿನ್ನೆ ತಾನೇ ನೋಡಿದೀನಿ ಅಂಕಲ್, ಸರಿಯಾಗಿದೆ."

ಅವರು ವಾದ ಮಾಡಲಿಲ್ಲ. ಮಾಡಿದ್ದರೆ ನಾನು ಸುಮ್ಮನಾಗುತ್ತಿದ್ದೆ. ಅವರು ಸುಮ್ಮನೆ ಕಿಟಕಿಯಾಚೆ ನೋಡುತ್ತ ಕೂತದ್ದೇ ನನ್ನನ್ನು ಕೆರಳಿಸಿತು. ಮುಂದಿನ ಎಕ್ಸಿಟ್ ತೆಗೆದುಕೊಂಡು ಗ್ಯಾಸ್ ಸ್ಟೇಷನ್ನಿನಲ್ಲಿ ನಿಲ್ಲಿಸಿ, ರೇಷ್ಮೆ ಜುಬ್ಬದಲ್ಲೇ ಮಂಡಿಯೂರಿ ಅಳೆದೆ. ಎರಡು ಪೌಂಡ್ ಕಡಿಮೆ ಇತ್ತು. ಗಾಳಿ ತುಂಬಿಸಿ ಮತ್ತೆ ಕಾರು ಹತ್ತಿದೆ. ಆ ಹೊತ್ತಿನಿಂದ ನಾನು ಅವರ ಪಾದಗಳನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ.

ಆಮೇಲೆ ಆ ಕೆಟ್ಟ ಚಳಿಗಾಲ ಬಂತು. ಎರಡು ಸಾವಿರದ ಎಂಟು ಮುಗಿದು ಒಂಬತ್ತು ಹುಟ್ಟುವ ಹೊತ್ತು, ಕಾರು ಕಂಪನಿಗಳು ಮುಳುಗುತ್ತಿದ್ದವು. ಡೆಟ್ರಾಯಿಟ್ ಸುತ್ತಮುತ್ತ ಯಾರಾದರೂ ಎದುರಾದರೆ ಹೇಗಿದ್ದೀರಿ ಎಂದು ಕೇಳುವುದೇ ನಿಂತುಹೋಗಿತ್ತು. "ಇನ್ನೂ ಇದೀರಾ?" ಎಂದು ಕೇಳುತ್ತಿದ್ದರು. ಕೆಲಸದಲ್ಲಿ ಇದ್ದೀರಾ ಎಂದು ಅರ್ಥ. ಡಿಸೆಂಬರಿನಲ್ಲಿ ಅಂಕಲ್ ಇಲ್ಲವಾದರು. ಕಾರಿಗೆ ಅಂಟಿಸುವ ಸೆನ್ಸರುಗಳೂ ಲ್ಯಾಪ್‌ಟಾಪೂ ಬಂದಿವೆ, ಇನ್ನು ಮೈಯಿಂದ ಹೇಳುವವರು ಬೇಡ ಎಂದರಂತೆ. ಜನವರಿಯಲ್ಲಿ ನಾನೂ ಇಲ್ಲವಾದೆ. ಹೆಂಡತಿಯ ಕೆಲಸದಿಂದ ಮನೆ ನಡೆಯುತ್ತಿತ್ತು. ನಾನು ಬೆಳಿಗ್ಗೆ ಅವಳನ್ನು ಕಳಿಸಿ, ಸೋಫಾದ ಮೇಲೆ ಮಲಗಿ, ಅವಳು ಬರುವ ಹೊತ್ತಿಗೆ ಎದ್ದು ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಿದ್ದೆ. ಒಂದು ಅಪ್ಲಿಕೇಷನ್ ಕೂಡ ತುಂಬುವ ಮನಸ್ಸಿರಲಿಲ್ಲ.

ಅಂಕಲ್ ಬಾಗಿಲು ತಟ್ಟಿದ್ದು ಅಂಥ ಒಂದು ಬೆಳಿಗ್ಗೆ. "ಏಳೋ ಮೈಸೂರ, ಗುಡ್ಡಕ್ಕ ಹೋಗೂಣು. ಕೆಲಸ ಅದ."

ಗುಡ್ಡ ಎಂದರೆ ನಲವತ್ತು ಮೈಲಿ ಆಚೆಗಿದ್ದ ಒಂದು ಸ್ಕೀ ಗುಡ್ಡ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟ ಹತ್ತಿ ಬೆಳೆದ ನನಗೆ ಅದು ದೊಡ್ಡ ಹುತ್ತ ಅಷ್ಟೆ. ಆದರೆ ಆ ಚಪ್ಪಟೆ ಸೀಮೆಯಲ್ಲಿ ಅದೇ ಹಿಮಾಲಯ. ಅಂಕಲ್ ನಲವತ್ತು ದಾಟಿದ ಮೇಲೆ ಸಹೋದ್ಯೋಗಿಗಳ ಜೊತೆ ಅಲ್ಲಿ ಸ್ಕೀ ಕಲಿತರು. ಗುಡ್ಡದ ಬುಡದಲ್ಲಿ ಒಂದು ಸ್ಕೀ ಅಂಗಡಿ ಇತ್ತು. ತಂದೆಯಿಂದ ಅದನ್ನು ವಹಿಸಿಕೊಂಡಿದ್ದ ಯಜಮಾನಿ ಐವತ್ತರ ಹತ್ತಿರದ ಹೆಂಗಸು, ದೊಡ್ಡ ದನಿ, ದೊಡ್ಡ ನಗು. ಶನಿವಾರ ಭಾನುವಾರ ಅಂಕಲ್ ಅಲ್ಲಿಗೆ ಹೋಗಿ ಗಿರಾಕಿಗಳ ಸ್ಕೀಗಳ ಅಂಚು ಮಸೆದುಕೊಡುತ್ತಿದ್ದರು, ಬರೀ ಖುಷಿಗೆ.

ಕೆಲಸ ಇಷ್ಟು. ಪ್ರತಿ ಫೆಬ್ರವರಿಯಲ್ಲಿ ಯಜಮಾನಿ ಮುಂದಿನ ಚಳಿಗಾಲದ ಸ್ಕೀಗಳಿಗೆ ಆರ್ಡರ್ ಕೊಡಬೇಕು. ಕೊಟ್ಟರೆ ಮುಗಿಯಿತು, ಹಿಂತಿರುಗಿಸುವಂತಿಲ್ಲ. ಗಟ್ಟಿ ಹಿಮ, ಪುಡಿ ಹಿಮ, ಉಬ್ಬುತಗ್ಗು, ಐಸು ಎಲ್ಲಕ್ಕೂ ಒಗ್ಗುವ ಒಂದೇ ಜೊತೆ ಸ್ಕೀಯನ್ನು ಅಲ್ಲಿ ಆಲ್-ಮೌಂಟನ್ ಎನ್ನುತ್ತಾರೆ. ಜನ ಹೆಚ್ಚಾಗಿ ಕೊಳ್ಳುವುದು ಅದನ್ನೇ. ಹಿಂದೆಲ್ಲ ಆಕೆ ಅಂಥವು ಐದಾರು ಬಗೆ ಇಡುತ್ತಿದ್ದಳು. ಈ ವರ್ಷ ಒಂದನ್ನೇ ತರಿಸುವ ಶಕ್ತಿ ಉಳಿದಿತ್ತು. ಅದು ಜನಕ್ಕೆ ಹಿಡಿಸದೆ ಹೋದರೆ ಅಂಗಡಿಗೆ ಬೀಗ. ಎರಡು ಕಂಪನಿಯವರು ಒಂದೊಂದು ಜೊತೆ ಮಾದರಿ ಬಿಟ್ಟುಹೋಗಿದ್ದರು. ಅವೆರಡರ ಪೈಕಿ ಯಾವುದು ಹಿಮದ ಮೇಲೆ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಿ ಹೇಳು ಎಂದು ಆಕೆ ಅಂಕಲ್‌ಗೆ ಒಪ್ಪಿಸಿದ್ದಳು. ಸೆನ್ಸರಿನ ಮುಂದೆ ಬೇಡವಾದ ಆ ಪಾದಗಳನ್ನು ಒಬ್ಬಳು ಕರೆದು ಕೇಳಿದ್ದಳು. ಅಂಕಲ್ ಆ ಬೆಳಿಗ್ಗೆ ಮದುವೆಗೆ ಹೊರಟವರ ಹಾಗೆ ತಲೆ ಬಾಚಿಕೊಂಡು ಬಂದಿದ್ದರು.

ಮೊದಲು ಅವರು ಎರಡೂ ಜೊತೆಯ ಮೇಲಿದ್ದ ಬಣ್ಣ, ಹೆಸರು, ಚಿತ್ರ ಎಲ್ಲ ಮುಚ್ಚಿಹೋಗುವಂತೆ ಕಪ್ಪು ಟೇಪು ಸುತ್ತಿದರು. ಹೆಸರು ಕಂಡರೆ ಕಾಲು ನಾಚಿಕೊಳ್ಳುತ್ತದಂತೆ. ಗುರುತಿಗೆ ಒಂದು ಜೊತೆಯ ತುದಿಗೆ ಕೆಂಪು ಪಟ್ಟಿ, ಇನ್ನೊಂದಕ್ಕೆ ನೀಲಿ. ನಾಲ್ಕು ದಿನ ಪರೀಕ್ಷೆ. ಬೆಳಿಗ್ಗೆ ಯಂತ್ರ ಓಡಿಸಿ ಗೆರೆಗೆರೆಯಾಗಿ ಹಾಸಿದ ಗಟ್ಟಿ ಹಿಮದ ಮೇಲೆ, ಮಧ್ಯಾಹ್ನ ಜನ ತುಳಿದು ಗುಡ್ಡೆಗುಡ್ಡೆಯಾದ ಹಿಮದ ಮೇಲೆ, ಅಂಚಿನಲ್ಲಿ ಉಳಿದ ಪುಡಿಯ ಮೇಲೆ, ನೆರಳಿನ ಐಸಿನ ಮೇಲೆ. ಕೆಂಪು ಜೊತೆ ಹಾಕಿ ಒಂದು ಇಳಿತ, ನೀಲಿ ಜೊತೆ ಹಾಕಿ ಒಂದು ಇಳಿತ.

ಮೂರನೆಯ ದಿನ ಅವರು ಎಡಗಾಲಿಗೆ ಕೆಂಪು, ಬಲಗಾಲಿಗೆ ನೀಲಿ ಹಾಕಿಕೊಂಡರು.

ಜನರನ್ನು ಗುಡ್ಡದ ತುದಿಗೆ ಒಯ್ಯುವ ಕುರ್ಚಿ ಲಿಫ್ಟ್ ನೋಡಿಕೊಳ್ಳುತ್ತಿದ್ದವನು ಅವರ ಕಾಲು ನೋಡಿ, ಸರ್, ಬೆರಕೆಯಾಗಿದೆ ಎಂದು ಕೂಗಿ ಹೇಳಿದ. ಅಂಕಲ್ ಟೋಪಿ ಎತ್ತಿ ಥ್ಯಾಂಕ್ಯೂ ಎಂದರು. ಉದ್ದವೂ ಬೇರೆ, ಬಾಗುವ ರೀತಿಯೂ ಬೇರೆ ಆದ ಎರಡು ಹಲಗೆಗಳನ್ನು ಒಂದೊಂದು ಕಾಲಿಗೆ ಕಟ್ಟಿಕೊಂಡು ಐಸಿನ ಇಳಿಜಾರಿಗೆ ಬೀಳುವುದು ನನಗೆ ಶುದ್ಧ ಹುಚ್ಚೆನಿಸಿತು. ಅವರಿಗೆ ಅದೇ ನೇರವಾದ ದಾರಿ. ಎಡಕ್ಕೆ ತಿರುಗುವಾಗ ಮೈಭಾರವೆಲ್ಲ ಬಲಗಾಲಿನ ಮೇಲೆ ಬೀಳುತ್ತದೆ, ಆಗ ನೀಲಿ ಮಾತಾಡುತ್ತದೆ. ಬಲಕ್ಕೆ ತಿರುಗುವಾಗ ಭಾರ ಎಡಗಾಲಿನ ಮೇಲೆ, ಆಗ ಕೆಂಪು. ಒಂದೇ ಹಿಮ, ಒಂದೇ ವೇಗ, ಒಂದೇ ಮೈ. ಒಂದರ ಹಿಂದೊಂದು ತಿರುವಿನಲ್ಲಿ ಎರಡೂ ಸ್ಕೀಗಳ ಬಾಯಿ ಬಿಡಿಸಬಹುದು.

ಅವರು ಇಳಿದದ್ದನ್ನು ನಾನು ಕೆಳಗೆ ನಿಂತು ನೋಡಿದೆ. ಮೊದಲ ಎರಡು ತಿರುವುಗಳಲ್ಲಿ ಅವರ ಎಡಭಾಗ ಹಿಂದೆ ಬಿದ್ದಂತೆ ಕಂಡಿತು. ಮೂರನೆಯದರ ಹೊತ್ತಿಗೆ ಎರಡು ಕಾಲುಗಳಿಗೂ ಬೇರೆ ಬೇರೆ ಲೆಕ್ಕ ಹಾಕಿ ಕೊಟ್ಟುಬಿಟ್ಟಿದ್ದರು. ಎಡಗಾಲಿಗೆ ಸ್ವಲ್ಪ ಮೊದಲೇ ಭಾರ ಕೊಡುವುದು, ಬಲಗಾಲನ್ನು ಸ್ವಲ್ಪ ತಡೆಯುವುದು. ಸೊಂಟದ ಕೆಳಗೆ ಎರಡು ಬೇರೆ ಬೇರೆ ಪ್ರಾಣಿಗಳು ಓಡುತ್ತಿದ್ದವು, ಸೊಂಟದ ಮೇಲೆ ಒಬ್ಬ ಮನುಷ್ಯ ಸೋಫಾದಲ್ಲಿ ಕೂತು ಪೇಪರ್ ಓದುತ್ತಿರುವಷ್ಟು ಅಲ್ಲಾಡದೆ ಇದ್ದ. ಗುಡ್ಡದ ಮೇಲಿದ್ದ ಮಕ್ಕಳು, ಕಾಲೇಜಿನವರು, ದಿನವೂ ಸ್ಕೀ ಮಾಡುವವರು ಎಲ್ಲ ದಾರಿ ಬಿಟ್ಟು ನಿಂತು ನೋಡಿದರು. ಆ ನೆರಳಿನ ಐಸಿನ ಪಟ್ಟಿಯ ಮೇಲೆ ಅವರು ಒಂದು ತಿರುವು ತೆಗೆದುಕೊಂಡಾಗ ಉಕ್ಕು ಐಸನ್ನು ಕೆರೆದ ಸದ್ದು ನನ್ನವರೆಗೆ ಬಂತು. ಮರುತಿರುವಿನಲ್ಲಿ ಇನ್ನೊಂದು ಸದ್ದು, ತೆಳುವಾದದ್ದು. ಅರವತ್ತೊಂದು ವರ್ಷದ ಮನುಷ್ಯ. ನನ್ನ ಕಣ್ಣಲ್ಲಿ ನೀರು ಬಂತು, ಅದು ಚಳಿಗೆ ಬಂದದ್ದು ಎಂದು ಆಗ ನನಗೇ ಹೇಳಿಕೊಂಡೆ.

ಕೆಳಗೆ ಬಂದು ನಿಂತವರೇ ಅವರು ಗ್ಲೌಸ್ ಕಳಚಿ, ಎದೆಯ ಜೇಬಿನಿಂದ ಸಣ್ಣ ನೋಟ್‌ಬುಕ್ಕನ್ನೂ ಪೆನ್ಸಿಲನ್ನೂ ತೆಗೆದರು. ಆ ಚಳಿಗೆ ಪೆನ್ನು ಬರೆಯುವುದಿಲ್ಲ. ನಾಲ್ಕು ದಿನವೂ ಹೀಗೆಯೇ. ಬರೆಯುವ ತನಕ ಮಾತಿಲ್ಲ, ಬರೆದ ಮೇಲೆ ಅದರ ಬಗ್ಗೆ ಮಾತಿಲ್ಲ. ಬರೆಯುತ್ತಿದ್ದದ್ದು ಕನ್ನಡದಲ್ಲಿ.

"ಮೂವತ್ತು ವರ್ಷ ಇಲ್ಲಿದೀರಿ, ಇಂಗ್ಲಿಷಲ್ಲೇ ಬರೀಬಹುದಲ್ಲ ಅಂಕಲ್? ನಾನು ಮತ್ತೆ ಟ್ರಾನ್ಸ್‌ಲೇಟ್ ಮಾಡೋದು ಯಾಕೆ?"

"ಇಂಗ್ಲಿಷಿನ್ಯಾಗ ಬರದ್ರ ಅದು ಮೊದಲ ತಲಿಗೆ ಹೋಗತದ. ತಲಿ ಭಾಳ ಶಾಣ್ಯಾ ಇರತದ, ಕಾಲು ಹೇಳಿದ್ದನ್ನ ತಿದ್ದತದ" ಎಂದರು.

ಕಂಪನಿಯಲ್ಲೂ ಅವರ ಪದ್ಧತಿ ಅದೇ ಆಗಿತ್ತಂತೆ. ಮೊದಲು ಕನ್ನಡದಲ್ಲಿ ಗೀಚಿಕೊಳ್ಳುವುದು, ಸಂಜೆ ಕೂತು ಅದನ್ನು ನಿಧಾನವಾಗಿ ಇಂಗ್ಲಿಷಿಗೆ ತರುವುದು. ಈ ಸಲ ಆ ಸಂಜೆಯ ಕೆಲಸವನ್ನು ನನಗೆ ಬಿಟ್ಟರು. ನನ್ನನ್ನು ಸೋಫಾದಿಂದ ಎಬ್ಬಿಸುವುದಕ್ಕೆ ಅದೊಂದು ನೆಪವಾಗಿತ್ತು ಎಂದು ನನಗೆ ಗೊತ್ತಿತ್ತು. ಆದರೂ ವಾರಗಳ ಮೇಲೆ ಮೊದಲ ಸಲ ಮೇಜಿನ ಮುಂದೆ ಕೂತಾಗ ಮನುಷ್ಯನಾದಂತೆ ಅನ್ನಿಸಿತು. ಯಾವುದನ್ನು ತರಿಸಬೇಕು ಎಂದು ಕೊನೆಯಲ್ಲಿ ಒಂದು ಸಾಲು ಬರೆಯಲೇ ಎಂದು ಕೇಳಿದ್ದಕ್ಕೆ ಅವರು ಕೈ ಆಡಿಸಿದರು. "ತೀರ್ಪು ನಮ್ಮ ಕೆಲಸ ಅಲ್ಲ. ಕಾಲು ಏನ್ ಹೇಳ್ತು ಅಷ್ಟ ಬರೀಬೇಕು. ಆರಿಸೂದು ಆಕೀ ಕೆಲಸ."

ನನ್ನ ತಂದೆ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು. ಕಂಡಕಂಡಲ್ಲಿ ಕಾಗುಣಿತ ತಿದ್ದುವ ಚಟ ನನಗೆ ಮನೆಯಿಂದಲೇ ಬಂದದ್ದು. ಅಂಕಲ್‌ರ ನೋಟ್‌ಬುಕ್ಕಿನಲ್ಲಿ ಕೆಂಪು ಸ್ಕೀಯ ಬಗ್ಗೆ ಪುಟಪುಟದಲ್ಲೂ ಒಂದೇ ಮಾತು ಇತ್ತು. "ಬಿರಸ ಅದ. ಹಗೂರ ತಿರಗತದ." ಬಿರುಸು ಎಂಬುದಕ್ಕೆ ಉಕಾರ ಬಿಟ್ಟಿದ್ದಾರೆ, ಹಗುರ ಎಂಬುದಕ್ಕೆ ಸುಮ್ಮನೆ ದೀರ್ಘ ಕೊಟ್ಟಿದ್ದಾರೆ, ಧಾರವಾಡದವರ ಕೈ ಎಂದು ನಕ್ಕು, ಮನಸ್ಸಿನಲ್ಲೇ ತಿದ್ದಿಕೊಂಡೆ. ಮೈಸೂರಿನಲ್ಲಿ ಬಿರುಸಾಗಿ ನಡೆ ಎಂದರೆ ಚುರುಕಾಗಿ ನಡೆ ಎಂದರ್ಥ. ಹಗುರ ಎಂದರೆ ಹತ್ತಿಯ ಹಾಗೆ, ಭಾರವಿಲ್ಲದ್ದು. ಹಾಗಾಗಿ ಕೆಂಪು ಸ್ಕೀ ಬಹಳ ಚುರುಕು, ಹೂವಿನಷ್ಟು ಹಗುರವಾಗಿ ತಿರುಗುತ್ತದೆ ಎಂದು ಒಳ್ಳೆಯ ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ನೀಲಿಯ ಬಗ್ಗೆ "ಮೆತ್ತಗ ಅದ, ಐಸಿನ್ಯಾಗ ಜರಾ ನಡಗತದ, ಹೇಳಿದ್ದು ಕೇಳತದ" ಎಂದಿತ್ತು. ಅದನ್ನು ಇದ್ದ ಹಾಗೆ ಬರೆದೆ. ಪ್ರಿಂಟ್ ತೆಗೆದು, ಫೈಲಿಗೆ ಹಾಕಿ, ನಾನೇ ಅಂಗಡಿಗೆ ಕೊಟ್ಟುಬಂದೆ. ಆ ದಿನ ನನ್ನ ಮೇಲೆ ನನಗೇ ಎಷ್ಟು ಮೆಚ್ಚುಗೆ!

ಆ ಶನಿವಾರ ಅಂಕಲ್ ಅಂಗಡಿಗೆ ಒಬ್ಬರೇ ಹೋಗಿದ್ದರು. ಮಧ್ಯಾಹ್ನದ ಹೊತ್ತಿಗೆ ವಾಪಸು ಬಂದದ್ದು ಕಿಟಕಿಯಿಂದ ಕಂಡಿತು. ಹೋಗಿ ಕೇಳಿದೆ.

"ನನ್ನ ರಿಪೋರ್ಟ್ ತಪ್ಪಾತಪಾ" ಎಂದರು. "ಓದಿದ ಮ್ಯಾಲೆ ಆಕಿ ಸ್ವತಃ ಹಾಕ್ಕೊಂಡು ಇಳದು ನೋಡ್ಯಾಳ. ರಿಪೋರ್ಟಿನ್ಯಾಗ ಒಂದು ಅದ, ಹಿಮದ ಮ್ಯಾಲೆ ಒಂದು ಅದ ಅಂದ್ಲು. ಭಾಳ ಛಲೋ ಹೆಣ್ಣಮಗಳು, ನಿಮ್ಮ ಕಾಲಿಗೆ ಶಕ್ತಿ ಭಾಳ, ಅದಕ್ಕ ಹಂಗ ಅನಿಸಿರಬೇಕು ಅಂತ ಸಮಾಧಾನ ಮಾಡಿದ್ಲು."

"ಮತ್ತೆ ಆರ್ಡರ್ರು?"

"ನನ್ನ ಮಾತು ನಂಬಿ ಏನೂ ತರಸಬ್ಯಾಡ ಅಂತ ಹೇಳಿ ಬಂದೆ. ತಿಂಗಳ ಕೊನೀತನಕ ಟೈಮ್ ಅದ, ಬ್ಯಾರೆ ಯಾರ್ನರೆ ಕೇಳ್ತಾಳ."

ಅವರು ಸ್ಕೀ ಬೂಟುಗಳನ್ನು ಡಬ್ಬಕ್ಕೆ ಹಾಕಿ, ಏಣಿ ತಂದು, ಗರಾಜಿನ ಅಟ್ಟದ ಮೇಲೆ ಇಡುತ್ತಿದ್ದರು. ನಾನು ಏಣಿ ಹಿಡಿದುಕೊಂಡೆ. ಏಣಿ ಹಿಡಿದು ನಿಂತಾಗ ನನ್ನ ತಲೆಯಲ್ಲಿ ಏನಿತ್ತು ಎಂದು ಇಲ್ಲಿ ಬರೆಯಲೇಬೇಕು. ಪಾಪ, ವಯಸ್ಸಾಯಿತು ಎಂದುಕೊಂಡೆ. ಕಂಪನಿಯವರು ಸುಮ್ಮನೆ ಕಳಿಸಿರಲಿಕ್ಕಿಲ್ಲ ಎಂದೂ ಒಂದು ಕ್ಷಣ ಅಂದುಕೊಂಡೆ. ಹೋಗಿ ಆ ನೋಟ್‌ಬುಕ್ಕನ್ನು ಇನ್ನೊಮ್ಮೆ ತೆರೆದು ನೋಡೋಣ ಎಂಬ ಯೋಚನೆ ನನಗೆ ಬರಲೇ ಇಲ್ಲ. ಪಂಡಿತರ ಮಗ, ಕನ್ನಡದಲ್ಲಿ ನಾನು ತಪ್ಪುವುದುಂಟೇ?

ಆಮೇಲಿನ ಒಂಬತ್ತು ದಿನಗಳಲ್ಲಿ ಅಂಕಲ್ ಬೇರೆಯೇ ಆಗಿಬಿಟ್ಟರು. ಕಂಪನಿ ಕಳಿಸಿದಾಗಲೂ ಅವರು ಹೀಗೆ ಆಗಿರಲಿಲ್ಲ. ಆಗ ಅವರಿಗೆ ಕೋಪವಿತ್ತು, ಕೋಪದಲ್ಲಿ ಒಂದು ಲವಲವಿಕೆ ಇತ್ತು. ಈಗ ಗರಾಜಿಗೂ ಚಪ್ಪಲಿ ಹಾಕಿಕೊಂಡು ಬರುತ್ತಿದ್ದರು. ಒಂದು ದಿನ ಅವರ ಕಾರು ಹೊರಟಾಗ ನೋಡಿದರೆ ಆಂಟಿ ಓಡಿಸುತ್ತಿದ್ದಾರೆ, ಅಂಕಲ್ ಪಕ್ಕದಲ್ಲಿ ಕೈಕಟ್ಟಿ ಕೂತಿದ್ದಾರೆ. ಆಂಟಿ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್, ಇಪ್ಪತ್ತು ವರ್ಷದಿಂದ ಡ್ರೈವ್ ಮಾಡುವವರು, ಆದರೆ ಗಂಡ ಪಕ್ಕದಲ್ಲಿದ್ದಾಗ ಅವರು ಸ್ಟಿಯರಿಂಗ್ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಬೇಲಿಯ ಹತ್ತಿರ ಸಿಕ್ಕಾಗ ಆಂಟಿ ದನಿ ತಗ್ಗಿಸಿ ಹೇಳಿದರು, "ಕೀಲಿ ನನ್ನ ಕೈಯಾಗ ಕೊಟ್ಟುಬಿಟ್ಟಾರ. ‘ನೀನ ಹೊಡಿ, ನನಗ ರಸ್ತೆ ತಿಳೀವಲ್ದು’ ಅಂತಾರ. ಏನಾಗ್ಯದ ಇವರಿಗೆ?"

ಒಂಬತ್ತನೆಯ ದಿನ, ಸೋಮವಾರ, ಆಂಟಿ ನನ್ನನ್ನು ಊಟಕ್ಕೆ ಕರೆದರು. ಯಾರಾದರೂ ಬಂದರೆ ಇವರು ನಾಲ್ಕು ಮಾತಾಡಿಯಾರು ಎಂಬ ಆಸೆ ಅವರಿಗೆ. ಅಂಕಲ್ ಹಿತ್ತಲಿನ ಡೆಕ್ಕಿನ ಮೇಲೆ ಹಕ್ಕಿಗೆ ಕಾಳು ಹಾಕುತ್ತಿದ್ದರು. ನಾನು ಮೇಜಿನ ಮುಂದೆ ಕೂತು, ಹಸಿವಾಗಿ, ಡಬ್ಬಿಯಲ್ಲಿದ್ದ ಜೋಳದ ರೊಟ್ಟಿಗೆ ಕೈ ಹಾಕಿದೆ. ಆಂಟಿ ಡಬ್ಬಿಯನ್ನು ಎಳೆದುಕೊಂಡರು.

"ಅದು ನಿನ್ನೀದು, ಬಿರಸ ಆಗ್ಯದ. ತಡಿ, ಬಿಸೀದು ಬಡೀತೀನಿ."

ನನ್ನ ಕೈ ಅಲ್ಲೇ ನಿಂತಿತು.

"ಏನಂದ್ರಿ ಆಂಟಿ? ಏನಾಗಿದೆ ರೊಟ್ಟಿ?"

"ಬಿರಸ ಆಗ್ಯದ. ಹಲ್ಲಿಗೆ ಬರಂಗಿಲ್ಲ."

"ಬಿರಸ ಅಂದ್ರೆ..."

"ಬಿರಸ ಅಂದ್ರ ಬಿರಸ. ಗಟ್ಟಿ. ಬಾಗಂಗಿಲ್ಲ." ಆಂಟಿ ಆ ರೊಟ್ಟಿಯನ್ನು ಎತ್ತಿ ಎರಡೂ ಕೈಯಿಂದ ಬಾಗಿಸಿ ತೋರಿಸಲು ಹೋದರು, ಅದು ಟಪ್ಪೆಂದು ಮುರಿಯಿತು. ಅಷ್ಟರಲ್ಲಿ ಡೆಕ್ಕಿನ ಬಾಗಿಲ ಕಡೆ ತಿರುಗಿ ಗಂಡನಿಗೆ ಕೂಗಿದರು, "ಹಗೂರ ಇಳೀರಿ, ಮೆಟ್ಟಲ ಮ್ಯಾಲೆ ಐಸ್ ಅದ!"

ಕಾಲಲ್ಲಿ ಅಷ್ಟು ಭಾರದ ಬೂಟು ಹಾಕಿದ ಮನುಷ್ಯನಿಗೆ ಹತ್ತಿಯ ಹಾಗೆ ಇಳಿ ಎಂದು ಯಾರೂ ಹೇಳುವುದಿಲ್ಲ. ನಾನು ಕೇಳಬೇಕಾಗಿಯೇ ಇರಲಿಲ್ಲ, ಆದರೂ ಬಾಯಿ ಕೇಳಿತು. "ಹಗೂರ ಅಂದ್ರೆ ಆಂಟಿ?"

"ಸಾವಕಾಶ" ಎಂದರು ಆಂಟಿ. "ಯಾಕೋ, ಮಾರಿ ಹಿಂಗ ಮಾಡ್ಕೊಂಡಿ?"

ಕೆಂಪು ಸ್ಕೀ ಗಟ್ಟಿ, ನಿಧಾನವಾಗಿ ತಿರುಗುತ್ತದೆ. ಅಂಕಲ್ ನಾಲ್ಕು ದಿನ ಪುಟಪುಟದಲ್ಲೂ ಅದನ್ನೇ ಬರೆದಿದ್ದರು. ಹಿಮದ ಮೇಲೆ ಯಜಮಾನಿಗೂ ಅದೇ ಅನ್ನಿಸಿತ್ತು. ಅವರಿಬ್ಬರ ಕಾಲುಗಳೂ ಒಂದೇ ಮಾತು ಹೇಳಿದ್ದವು. ನಡುವೆ ಕೂತು ಅದನ್ನು ತಲೆಕೆಳಗು ಮಾಡಿದವನು ನಾನು.

ಅಂಕಲ್ ಒಳಗೆ ಬಂದು ಕೈ ತೊಳೆದು ಕೂತರು. ಬಿಸಿ ರೊಟ್ಟಿ ಬಂತು. ಅವರು ಮೊದಲ ತುತ್ತು ಬಾಯಿಗಿಡುವ ಮೊದಲು ಹೇಳಿಬಿಟ್ಟೆ, ನಿಧಾನ ಮಾಡಿದರೆ ಧೈರ್ಯ ಸಾಲದೆಂದು. ಬಿರಸ ಎಂದರೆ ನಮ್ಮೂರಲ್ಲಿ ಏನು, ಹಗುರ ಎಂದರೆ ಏನು, ನಾನು ಟೈಪ್ ಮಾಡಿದ್ದೇನು. ಅವರು ರೊಟ್ಟಿ ಕೈಯಲ್ಲಿ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು. ಬೈಯಲಿ ಎಂದು ಕಾದೆ. ಅವರು ಯಾರೋ ಕದ್ದು ಕೇಳಿಸಿಕೊಂಡಾರು ಎಂಬಷ್ಟು ಮೆಲ್ಲಗೆ ಕೇಳಿದರು.

"ಅಂದ್ರ, ನನ್ನ ಕಾಲು ಖರೇನ ಹೇಳಿದ್ವು?"

"ಖರೇನೇ ಹೇಳಿದ್ವು ಅಂಕಲ್. ಸುಳ್ಳು ಹೇಳಿದ್ದು ನಾನು."

ಅವರು ಮೇಜಿನ ಕೆಳಗೆ ಬಗ್ಗಿ ಎಡಗೈಯಿಂದ ಪಾದವನ್ನು ಒಮ್ಮೆ ಒತ್ತಿಕೊಂಡರು. ಆಮೇಲೆ ನಗು ಶುರುವಾಯಿತು. ಬಿರಸ ಬಿರಸ ಎಂದು ಹೇಳಿಕೊಂಡು, ಆಂಟಿಗೆ ಹೇಳಿ, ಮತ್ತೆ ನಕ್ಕು, ಕಣ್ಣೊರೆಸಿಕೊಂಡು, ನಾಲ್ಕು ರೊಟ್ಟಿ ತಿಂದರು. ಒಂಬತ್ತು ದಿನ ಹೊಟ್ಟೆಗೆ ಸರಿಯಾಗಿ ಬಿದ್ದಿರಲಿಲ್ಲ ಎಂದು ಆಮೇಲೆ ಆಂಟಿ ಹೇಳಿದರು.

ಮರುದಿನ ಇಬ್ಬರೂ ಅಂಗಡಿಗೆ ಹೋದೆವು. ಕಾರು ಅಂಕಲ್ ಓಡಿಸಿದರು. ಯಜಮಾನಿಗೆ ನಾನೇ ಎಲ್ಲ ಹೇಳಿ ಕ್ಷಮೆ ಕೇಳಿದೆ. ಆಕೆ ಕೌಂಟರಿಗೆ ಕೈಯೂರಿ, ಒಂದೇ ಭಾಷೆ ಆಡುವ ನಿಮ್ಮಿಬ್ಬರಿಗೆ ಹೀಗಾದದ್ದು ಹೇಗೆ ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅಂಕಲ್ ಉತ್ತರ ಕೊಟ್ಟರು. ನಮ್ಮೂರಿಗೂ ಇವನ ಊರಿಗೂ ಡೆಟ್ರಾಯಿಟ್‌ನಿಂದ ಶಿಕಾಗೋಗೆ ಇರುವಷ್ಟು ದೂರ, ಅಷ್ಟು ದೂರ ಹೋಗುವಾಗ ಮಾತುಗಳು ಅಲ್ಲೊಂದು ಇಲ್ಲೊಂದು ಬೇರೆ ಬಟ್ಟೆ ಹಾಕಿಕೊಳ್ಳುತ್ತವೆ, ಅದಕ್ಕೆ ಇವನೇನು ಮಾಡಿಯಾನು ಎಂದರು. ನನ್ನ ತಪ್ಪನ್ನು ಭೂಗೋಳದ ತಪ್ಪು ಮಾಡಿ ಕೈ ತೊಳೆದುಬಿಟ್ಟರು. ಆಕೆಯ ನಗು ಗುಡ್ಡಕ್ಕೆ ಕೇಳಿಸಿರಬೇಕು.

ಅಲ್ಲೇ ಕೂತು ರಿಪೋರ್ಟನ್ನು ಮತ್ತೆ ಬರೆದೆವು. ನಾನು ಹಾಕಿದ ಪ್ರತಿ ಇಂಗ್ಲಿಷ್ ಶಬ್ದಕ್ಕೂ ಅಂಕಲ್ "ಅಂದ್ರ ಹ್ಯಾಂಗ?" ಎಂದು ಕೇಳುತ್ತಿದ್ದರು. ಹೇಗೆ ಎಂದು ಕೈಯಿಂದ ಮಾಡಿ ತೋರಿಸಬೇಕು. ತೋರಿಸಲಾಗದಿದ್ದರೆ ಆ ಶಬ್ದ ಹೊರಗೆ. ಕೊನೆಗೆ ಉಳಿದದ್ದು ಒಂದೇ ಪುಟ. ಕೆಂಪು ಐಸನ್ನು ಚೆನ್ನಾಗಿ ಕಚ್ಚುತ್ತದೆ, ಆದರೆ ಗಟ್ಟಿ, ತಿರುಗಿಸಲು ತೊಡೆ ಬೇಕು. ನೀಲಿ ಐಸಿನ ಮೇಲೆ ಕೊಂಚ ನಡುಗಿದರೂ ಕೈಬಿಡುವುದಿಲ್ಲ, ವರ್ಷಕ್ಕೆ ನಾಲ್ಕು ದಿನ ಬರುವವರೂ ಹೇಳಿದ ಕಡೆ ತಿರುಗಿಸಬಹುದು. ಯಜಮಾನಿ ಓದಿ, ತನ್ನ ಗಿರಾಕಿಗಳನ್ನು ನೆನೆದುಕೊಂಡು, ನೀಲಿಗೆ ಆರ್ಡರ್ ಕೊಟ್ಟಳು. ಮುಂದಿನ ಚಳಿಗಾಲ ಅವು ಖರ್ಚಾದವು. ಅಂಗಡಿ ಉಳಿಯಿತು. ಅಂಕಲ್‌ಗೆ ಮಾತ್ರ ಯಾವ ಕಾರು ಕಂಪನಿಯೂ ಮತ್ತೆ ಕರೆ ಮಾಡಲಿಲ್ಲ. ಅವರು ಮೊಣಕಾಲು ಕೈಕೊಡುವ ತನಕ ಪ್ರತಿ ಫೆಬ್ರವರಿ ಆ ಅಂಗಡಿಗೆ ಸ್ಕೀ ನೋಡಿಕೊಟ್ಟರು.

ನನಗೆ ಮರುವರ್ಷ ಶಿಕಾಗೋ ಹತ್ತಿರದ ಶಾಮ್‌ಬರ್ಗ್‌ನಲ್ಲಿ ಕೆಲಸ ಸಿಕ್ಕಿತು. ವೈದ್ಯಕೀಯ ಉಪಕರಣಗಳ ಪರೀಕ್ಷೆಯ ವರದಿ ಬರೆಯುವ ಕೆಲಸ. ನರ್ಸೊಬ್ಬಳು ಈ ಗುಂಡಿ ಸರಿಯಿಲ್ಲ ಎಂದರೆ ಉಳಿದವರು ಹಾಗೆಯೇ ಬರೆದುಕೊಳ್ಳುತ್ತಾರೆ. ನಾನು ಸರಿಯಿಲ್ಲ ಅಂದರೆ ಹೇಗೆ, ಒತ್ತಿ ತೋರಿಸಿ ಎಂದು ಕೂರುತ್ತೇನೆ. ಆಫೀಸಿನಲ್ಲಿ ನನ್ನದು ಪೀಡೆ ಎಂದು ಹೆಸರು, ನನ್ನ ವರದಿ ಮಾತ್ರ ವಾಪಸು ಬರುವುದಿಲ್ಲ. ನನ್ನ ಅನ್ನ ಹುಟ್ಟುತ್ತಿರುವುದು ಅಂಕಲ್‌ರ ಆ ಒಂದು ಪ್ರಶ್ನೆಯಿಂದ.

ಅಂಕಲ್, ಆಂಟಿ ಒಮ್ಮೆ ನಮ್ಮ ಮನೆಗೆ ಬಂದಿದ್ದರು. ಅಲ್ಲೇ ಹತ್ತಿರದ ಲೆಮಾಂಟ್‌ನಲ್ಲಿ ಗುಡ್ಡದ ಮೇಲಿರುವ ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ನವೆಂಬರ್ ತಿಂಗಳು, ನೆಲ ಮಂಜುಗಟ್ಟಿತ್ತು. ಎಲ್ಲರೂ ಚಪ್ಪಲಿ ಬಿಡುವ ಜಾಗದ ತನಕ ಶೂನಲ್ಲೇ ಓಡಿದರೆ, ಅವರು ಕಾರಿನ ಹತ್ತಿರವೇ ಶೂ ಬಿಟ್ಟು, ಪಾರ್ಕಿಂಗ್ ಲಾಟಿನಿಂದ ಬರಿಗಾಲಲ್ಲಿ ನಡೆದರು. ಭಕ್ತಿ ಎಂದುಕೊಂಡು ಒಬ್ಬ ಅಜ್ಜಿ ಅವರಿಗೆ ಕೈಮುಗಿದರು. ಅಂಕಲ್ ನನ್ನ ಕಿವಿಯ ಹತ್ತಿರ ಬಗ್ಗಿ, "ಈ ಇಳಕಲು ಭಾಳ ಛಲೋ ಅದೋ, ಹಿಮ ಬಿದ್ರ ಒಂದು ಕೈ ನೋಡಬಹುದು" ಎಂದರು.

ಅವರು ತೀರಿಕೊಂಡದ್ದು ಕೆಲವು ವರ್ಷಗಳ ನಂತರ, ಹಿಮ ಕರಗುವ ಮಾರ್ಚಿನಲ್ಲಿ. ಎದೆನೋವು ಎಂದರಂತೆ, ಅಷ್ಟೆ. ಸುದ್ದಿ ಬಂದಾಗ ನಾನು ಬೆಂಗಳೂರಿನಲ್ಲಿದ್ದೆ. ವಾಪಸು ಬಂದು ಡೆಟ್ರಾಯಿಟ್‌ಗೆ ಡ್ರೈವ್ ಮಾಡಿಕೊಂಡು ಹೋದಾಗ ಎಲ್ಲ ಕಾರ್ಯ ಮುಗಿದು ಮನೆಯಲ್ಲಿ ಆಂಟಿ ಒಬ್ಬರೇ ಇದ್ದರು. ಚಹಾ ಮಾಡಿಕೊಟ್ಟರು. ಮಾತು ಆ ಚಳಿಗಾಲಕ್ಕೆ ಬಂತು. ಇಷ್ಟು ವರ್ಷದಲ್ಲಿ ಅಂಕಲ್ ಒಂದು ಸಲವೂ, ತಮಾಷೆಗೂ, ಯಾರ ಮುಂದೆಯೂ ನನ್ನ ಆ ತಪ್ಪನ್ನು ಎತ್ತಿ ಆಡಲಿಲ್ಲವಲ್ಲ ಆಂಟಿ ಎಂದೆ. ಒಂಬತ್ತು ದಿನ ತಮ್ಮನ್ನೇ ಅನುಮಾನಿಸಿಕೊಂಡು ಕೂತರಲ್ಲ, ನಾನು ಬರೆದದ್ದನ್ನು ಒಮ್ಮೆ ಓದಿದ್ದರೆ ಅದೇ ಕ್ಷಣ ಗೊತ್ತಾಗುತ್ತಿತ್ತಲ್ಲ ಎಂದೆ.

ಆಂಟಿ ಲೋಟವನ್ನು ಮೇಜಿನ ಮೇಲಿಟ್ಟರು.

"ಆ ರಿಪೋರ್ಟ್ ಇಲ್ಲೇ ಇತ್ತೋ, ಈ ಮೇಜಿನ ಮ್ಯಾಲೆ. ಆ ಅಂಗಡಿಯಾಕೀನ ಕೊಟ್ಟು ಕಳಿಸಿದ್ಲು. ನಾ ಅಂದೆ, ಒಮ್ಮೆ ಓದಿ ನೋಡ್ರಿ, ಎಲ್ಲೆರೆ ಬರಿಯೂದ್ರಾಗ ತಪ್ಪಾಗಿರಬೇಕು ಅಂತ. ಮುಟ್ಟಲಿಲ್ಲ. ‘ಆಂವಾ ಮೊನ್ನೆ ಕೆಲಸಾ ಕಳಕೊಂಡಾನ, ಈಗಷ್ಟ ಎದ್ದು ಕೂತಾನ. ಆಂವಾ ಬರದದ್ರಾಗ ನಾ ತಪ್ಪ ಹುಡುಕ್ಲಿಕ್ಕೆ ಕೂಡಲೇನು? ನನ್ನ ಕಾಲಿಗೆ ಅರವತ್ತೊಂದು ವರ್ಷ ಆತು, ತಪ್ಪಿದ್ರ ಅವೇ ತಪ್ಪಿರಲಿ ಬಿಡು’ ಅಂದ್ರು."